ದೇವನಹಳ್ಳಿಯ ಕರಾರಿನಲ್ಲಿ ಹಾಸನದ ಹೆಸರು

ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣದ ಮಾತು ಎದ್ದಾಗಲೆಲ್ಲ ‘150 ಕಿಲೋಮೀಟರ್ ಷರತ್ತು’ ಎದುರಾಗುತ್ತದೆ. ಆ ಷರತ್ತಿನ ವಾಕ್ಯದೊಳಗೇ ಹಾಸನದ ಹೆಸರಿದೆ ಎಂಬುದು ನಮ್ಮೂರಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ.

2004ರ ಜುಲೈನಲ್ಲಿ ಕೇಂದ್ರ ಸರ್ಕಾರ ಮತ್ತು ದೇವನಹಳ್ಳಿ ನಿಲ್ದಾಣ ಕಟ್ಟುವ ಬಿಐಎಎಲ್ (ಬೆಂಗಳೂರು ಇಂಟರ್‌ನ್ಯಾಷನಲ್ ಏರ್‌ಪೋರ್ಟ್ ಲಿಮಿಟೆಡ್) ಕಂಪನಿಯ ನಡುವೆ ಒಪ್ಪಂದವಾಯಿತು. ನಿಲ್ದಾಣ ಆರಂಭವಾಗಿ 25 ವರ್ಷ ತುಂಬುವವರೆಗೆ, 150 ಕಿ.ಮೀ. ವಾಯುದೂರದೊಳಗೆ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಕೇಂದ್ರ ಅನುಮತಿ ಕೊಡುವಂತಿಲ್ಲ. ವಿನಾಯಿತಿ ಇದ್ದದ್ದು ಮೈಸೂರು ಮತ್ತು ಹಾಸನಕ್ಕೆ ಮಾತ್ರ. ಹೂಡಿದ ಹಣ ಹಿಂದಿರುಗಬೇಕಾದರೆ ಪ್ರಯಾಣಿಕರು ಬೇರೆಡೆ ಹಂಚಿಹೋಗಬಾರದು, ಷರತ್ತಿನ ಹಿಂದಿನ ಲೆಕ್ಕ ಅದು. ದೇವನಹಳ್ಳಿಯಲ್ಲಿ ವಿಮಾನ ಹಾರಾಟ ಶುರುವಾದದ್ದು 2008ರ ಮೇನಲ್ಲಿ. ಹಾಗಾಗಿ ಈ ತಡೆ 2033ರವರೆಗೆ.

ಆದರೆ ನಕ್ಷೆ ಹಾಸಿ ದೇವನಹಳ್ಳಿಯಿಂದ ಹಾಸನಕ್ಕೆ ನೇರ ಗೆರೆ ಎಳೆದು ನೋಡಿ. ಸುಮಾರು 175 ಕಿ.ಮೀ. ಬರುತ್ತದೆ. ಅಂದರೆ ಹಾಸನ ಆ ವರ್ತುಲದ ಹೊರಗೇ ಇತ್ತು. ವಿನಾಯಿತಿ ಬೇಕಾಗಿಯೇ ಇರಲಿಲ್ಲ. ಹಾಗಿದ್ದೂ ಊರಿನ ಹೆಸರು ಅಷ್ಟು ದೊಡ್ಡ ಕರಾರಿನೊಳಗೆ ಬಂತು ಎಂದರೆ, ಇಲ್ಲೊಂದು ನಿಲ್ದಾಣ ಆಗಿಯೇ ಆಗುತ್ತದೆ ಎಂಬ ಎಣಿಕೆ ಆಗ ಎಷ್ಟು ಗಟ್ಟಿಯಾಗಿತ್ತು ಎಂಬುದು ಅರ್ಥವಾಗುತ್ತದೆ.

ಆ ಎಣಿಕೆಗೆ ಬೆನ್ನೆಲುಬು ಎಚ್.ಡಿ. ದೇವೇಗೌಡರು. ಹಾಸನದ ಪಕ್ಕದ ಬೂವನಹಳ್ಳಿಯಲ್ಲಿ ನಿಲ್ದಾಣ ಅವರ ಬಹುಕಾಲದ ಕನಸು. ಮಗ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದ 2007ರಲ್ಲಿ ಖಾಸಗಿ ಕಂಪನಿಯೊಂದರ ಹೆಗಲಿಗೆ ಕೆಲಸ ಬಿತ್ತು, ಅಲ್ಲಿಗೇ ನಿಂತಿತು. ಮುಂದೆ ಸರ್ಕಾರಗಳು ಬದಲಾದವು. ಬೂವನಹಳ್ಳಿ ಸುತ್ತಿನ ರೈತರಿಗೆ ಮಾತ್ರ ವರ್ಷಗಟ್ಟಲೆ ಒಂದೇ ಪ್ರಶ್ನೆ: ಕೊಟ್ಟ ಜಮೀನಿನಲ್ಲಿ ಏನಾಗುತ್ತದೆ? ಇಡೀ ಕತೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ಆಲೂಗಡ್ಡೆ ಬೆಳೆಯುವ ಸೀಮೆಯಲ್ಲಿ ನೆಲ ಹೀಗೆ ಸುಮ್ಮನೆ ಬಿದ್ದಿರುವುದನ್ನು ನೋಡುವುದು ಸುಲಭವಲ್ಲ.

2021ರಲ್ಲಿ ಬಿ.ಎಸ್. ಯಡಿಯೂರಪ್ಪ ಸರ್ಕಾರ ಸುಮಾರು 193 ಕೋಟಿ ರೂಪಾಯಿಯ ಕಾಮಗಾರಿಗೆ ಮತ್ತೆ ಚಾಲನೆ ಕೊಟ್ಟಿತು. ಎಟಿಆರ್-72 ಮಾದರಿಯ ಸಣ್ಣ ವಿಮಾನ ಇಳಿಯುವಷ್ಟು ಸಾಕು ಎಂಬ ಲೆಕ್ಕ. ಮೂಲ ನಕ್ಷೆಯನ್ನೇ ಮೊಟಕುಗೊಳಿಸಲಾಗಿದೆ ಎಂದು ಗೌಡರ ಪಾಳಯ ತಿರುಗಿಬಿತ್ತು. ಅದೇ ಹೊತ್ತಿಗೆ ಯಡಿಯೂರಪ್ಪನವರ ಜಿಲ್ಲೆಯ ಸೋಗಾನೆಯಲ್ಲಿ 3,200 ಮೀಟರ್ ರನ್‌ವೇ ಸಿದ್ಧವಾಗುತ್ತಿತ್ತು. 2023ರ ಫೆಬ್ರುವರಿಯಲ್ಲಿ ಶಿವಮೊಗ್ಗ ನಿಲ್ದಾಣದ ಉದ್ಘಾಟನೆಯೂ ಮುಗಿಯಿತು. ನಿಲ್ದಾಣ ಯಾವ ಊರಿಗೆ ಬೇಗ ಬರುತ್ತದೆ ಎನ್ನುವುದು ಆ ಹೊತ್ತಿಗೆ ಕುರ್ಚಿಯಲ್ಲಿ ಯಾರಿದ್ದಾರೆ ಎಂಬುದರ ಮೇಲೆ ನಿಂತಿದೆ ಎಂದು ಹಾಸನದವರಿಗೆ ಅನ್ನಿಸಿದ್ದರೆ ತಪ್ಪೇನಿಲ್ಲ.

ಈ ನಡುವೆ ದೇವನಹಳ್ಳಿ ಬೆಳೆಯುತ್ತಲೇ ಹೋಯಿತು. 2019ರಲ್ಲಿ ಎರಡನೇ ರನ್‌ವೇ, 2022ರಲ್ಲಿ ಎರಡನೇ ಟರ್ಮಿನಲ್. 2024-25ರಲ್ಲಿ ಪ್ರಯಾಣಿಕರ ಸಂಖ್ಯೆ ನಾಲ್ಕು ಕೋಟಿ ದಾಟಿತು. 2024ರ ಜೂನ್‌ನಲ್ಲಿ ತಮಿಳುನಾಡು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಹೊಸೂರಿಗೆ 2,000 ಎಕರೆಯ ನಿಲ್ದಾಣ ಘೋಷಿಸಿದ ಮೇಲೆ ಬೆಂಗಳೂರಿನ ಎರಡನೇ ನಿಲ್ದಾಣದ ಚರ್ಚೆಯೂ ಬಿಸಿಯೇರಿತು. ಹೊಸೂರು 150 ಕಿ.ಮೀ. ಒಳಗೇ ಬರುವುದರಿಂದ ಅದಕ್ಕೂ ಇದೇ ಷರತ್ತು ಅಡ್ಡ.

2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬೆಂಗಳೂರಿನ ಎರಡನೇ ನಿಲ್ದಾಣಕ್ಕಾಗಿ ಮೂರು ಜಾಗ ನೋಡಿಹೋಯಿತು. ಎರಡು ಕನಕಪುರ ರಸ್ತೆಯಲ್ಲಿ, ಒಂದು ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿ. ಆ ಮೂರನೆಯದು ನಾವು ಬೆಂಗಳೂರಿಗೆ ಹೋಗುವ ದಾರಿಯೇ. ಬೆಳಗಿನ ವಿಮಾನಕ್ಕೆ ಮಧ್ಯರಾತ್ರಿ ಮನೆ ಬಿಡುವ ನಮ್ಮಂಥವರಿಗೆ ಕುಣಿಗಲ್ ಸಮೀಪ ನಿಲ್ದಾಣ ಬಂದರೆ ನಗರ ಹಾದುಹೋಗುವ ಪಾಡು ತಪ್ಪುತ್ತದೆ. ಆಗ ಬೂವನಹಳ್ಳಿಯಿಂದ ಬೆಂಗಳೂರಿಗೆ ಹಾರುವವರು ಯಾರು? ಉಳಿಯುವುದು ಹೂವು, ತರಕಾರಿ ಸಾಗಿಸುವ ಸರಕು ವಿಮಾನ, ಪೈಲಟ್ ತರಬೇತಿ, ವಿಮಾನ ದುರಸ್ತಿಯಂಥ ಕೆಲಸ. ಅದಕ್ಕೆ ಎಷ್ಟು ಉದ್ದದ ರನ್‌ವೇ ಬೇಕು, ಎಷ್ಟು ನೆಲ ಸಾಕು ಎಂಬುದನ್ನು ಕುಣಿಗಲ್ ರಸ್ತೆಯ ತೀರ್ಮಾನ ಆಗುವ ಮೊದಲೇ ಜಿಲ್ಲೆಯ ಜನಪ್ರತಿನಿಧಿಗಳು ಬೂವನಹಳ್ಳಿಯವರ ಮುಂದೆ ಕೂತು ಹೇಳಬೇಕು.