ರಿಸ್ಟೋರ್ಡ್ ಅಲ್ಲ ಮಾರಾಯ್ರೆ, ಅದು ಮೇಕ್-ಡೂ

ಸ್ಟೆಮ್ (ಬಟ್ಟಲ ಕೆಳಗಿನ ಕಡ್ಡಿ) ಮುರಿದ ಹಳೇ ವೈನ್ ಗ್ಲಾಸು, ಕೆಳಗೆ ಕಡೆದ ಮರದ ಪಾದ, ಫೋಟೋ ಕೆಳಗೆ 'ಪ್ರೊಫೆಷನಲಿ ರಿಸ್ಟೋರ್ಡ್' ಅಂತ ಬರಹ. ಇಂಥದ್ದು ಎಷ್ಟು ಸಲ ನೋಡೋದು? ರಿಸ್ಟೋರ್ ಅಂದ್ರೆ ಮೊದಲಿದ್ದ ಹಾಗೆ ಮಾಡೋದು, ಒಡೆದಿತ್ತು ಅನ್ನೋದು ಕಣ್ಣಿಗೆ ಬೀಳಬಾರದು. ಗಾಜಿನ ಗ್ಲಾಸಿಗೆ ಮರದ ಕಾಲು ಮೊದಲು ಯಾವತ್ತಿತ್ತು? ಇದಕ್ಕೆ ಸಂಗ್ರಾಹಕರು ಹೇಳೋದು ಮೇಕ್-ಡೂ, ಅಂದ್ರೆ ಇದ್ದಿದ್ರಲ್ಲೇ ಸುಧಾರಿಸ್ಕೊಂಡಿದ್ದು. ನಮ್ಮ 'ತೇಪೆ' ಇದಕ್ಕೆ ಹತ್ತಿರ, ಹಚ್ಚಿದವರಿಗೆ ಮುಚ್ಚಿಡೋ ಉದ್ದೇಶವೇ ಇರಲ್ಲ, ವಸ್ತು ಮತ್ತೆ ಕೆಲಸಕ್ಕೆ ಬಂದ್ರೆ ಸಾಕು. ತವರದ ಪಾದ, ಬೆಳ್ಳಿ ಪಟ್ಟಿ, ಹಿತ್ತಾಳೆ ಕಾಲರ್ ಎಲ್ಲಾ ಇದೇ ಜಾತಿ.

ಇನ್ನು ಕೆಲವರು ಈ ಹೆಸರು ಎರಡನೇ ಮಹಾಯುದ್ಧದಲ್ಲಿ ಹುಟ್ಟಿದ್ದು ಅಂತಾರೆ. ಬ್ರಿಟನ್ ಸರ್ಕಾರ 1943ರಲ್ಲಿ 'ಮೇಕ್ ಡೂ ಆಂಡ್ ಮೆಂಡ್' ಅಂತ ಕೈಪಿಡಿ ತಂದಿದ್ದು ನಿಜ, ಆದ್ರೆ ಅದು ಬಟ್ಟೆ ರೇಷನ್ ಇದ್ದ ಕಾಲದ್ದು, ಹರಿದ ಬಟ್ಟೆ ಹೊಲಿಯೋ ವಿಷಯ. ಗಾಜಿನ ಮೇಕ್-ಡೂಗಳು ಹೆಚ್ಚಾಗಿ 18, 19ನೇ ಶತಮಾನದವು. ಇಂಗ್ಲೆಂಡಲ್ಲಿ 1745ರ ಕಾನೂನು ಗಾಜಿಗೆ ತೂಕದ ಲೆಕ್ಕದಲ್ಲಿ ಸುಂಕ ಹಾಕ್ತು, ಅದನ್ನ ಪೂರ್ತಿ ತೆಗೆದಿದ್ದು 1845ರಲ್ಲಿ, ಹಾಗಾಗಿ ಬೌಲ್ (ಮೇಲಿನ ಬಟ್ಟಲು) ಚೆನ್ನಾಗಿದ್ರೆ ಪಾದ ಮುರೀತು ಅಂತ ಯಾರೂ ಸುಮ್ನೆ ಎಸೀತಿರ್ಲಿಲ್ಲ.

ರಿಸ್ಟೋರೇಷನ್, ಮೇಕ್-ಡೂ ಎರಡರ ವ್ಯತ್ಯಾಸ ಒಂದೇ ವಸ್ತುವಲ್ಲಿ ನೋಡ್ಬೇಕಾ, ಬ್ರಿಟಿಷ್ ಮ್ಯೂಸಿಯಂನ ಪೋರ್ಟ್‌ಲ್ಯಾಂಡ್ ವಾಸ್ ನೋಡಿ. ರೋಮನ್ ಕಾಲದ ಹೂದಾನಿ, ನೀಲಿ-ಬಿಳಿ ಕ್ಯಾಮಿಯೋ ಗಾಜು (ನೀಲಿ ಗಾಜಿನ ಮೇಲಿನ ಬಿಳಿ ಪದರ ಕೆತ್ತಿ ಚಿತ್ರ ಮೂಡಿಸಿದ್ದು), ಸುಮಾರು ಎರಡು ಸಾವಿರ ವರ್ಷ ಹಳೇದು. ಅದರ ತಳಕ್ಕೆ ಕೂರಿಸಿದ್ದ ಬಿಲ್ಲೆ ಆ ವಾಸಿಂದೇ ಅಲ್ಲ, ಇನ್ಯಾವುದೋ ಗಾಜಿನ ತುಂಡು, ಟೊಪ್ಪಿ ಹಾಕಿದ ತಲೆಯ ಚಿತ್ರ ಇರೋದು, ಅದು ಅಪ್ಪಟ ಮೇಕ್-ಡೂ. 1845ರ ಫೆಬ್ರವರಿ 7ರಂದು ಒಬ್ಬ ಈ ವಾಸನ್ನ ಚೂರುಚೂರು ಮಾಡ್ದ (ಐದು ಪೌಂಡಿಗಿಂತ ಜಾಸ್ತಿ ಬೆಲೆಯ ವಸ್ತುವಿಗೆ, ಬೇಕಂತ ಹಾಳು ಮಾಡಿದವರನ್ನ ಶಿಕ್ಷಿಸೋ ಆಗಿನ ಕಾನೂನು ಅನ್ವಯ ಆಗ್ತಿರ್ಲಿಲ್ಲ ಅಂತ ಅವನಿಗೆ ದಂಡ ಬಿದ್ದಿದ್ದು ಹೊರಗಿನ ಗಾಜಿನ ಪೆಟ್ಟಿಗೆಗೆ ಮಾತ್ರ, ಮೂರು ಪೌಂಡು!). ಜಾನ್ ಡಬಲ್‌ಡೇ ಅನ್ನೋ ಮ್ಯೂಸಿಯಂ ಕುಶಲಕರ್ಮಿ ಅಂಟಿಸಿದ್ರು, 37 ಚೂರು ಜಾಗ ಸಿಗದೆ ಉಳೀತು, 1948-49ರಲ್ಲಿ ಬಿಚ್ಚಿ ಮತ್ತೆ ಜೋಡಿಸಿದ್ರು, 1980ರ ದಶಕದ ಕೊನೇಲಿ ಇನ್ನೊಂದ್ಸಲ. ಈ ಮೂರೂ ರಿಸ್ಟೋರೇಷನ್. ತಳದ ಬಿಲ್ಲೆನ 1845ರಿಂದ ಬೇರೆಯಾಗೇ ಇಟ್ಟಿದಾರೆ.

ನಮ್ಮ ಕಡೆ ಹಳೇ ಸೀಮೆಎಣ್ಣೆ ಲ್ಯಾಂಪಿಗೆ ಹೊಸ ಚಿಮಣಿ ಹಾಕಿ ಎರಡರಲ್ಲಿ ಒಂದು ಹೆಸರಿಡ್ತಾರೆ, ಎರಡೂ ಅಲ್ಲ. ಚಿಮಣಿ ಒಡೆಯೋದೇ, ಬದಲಾಯಿಸೋದೇ.

ಹಳೇ ತೇಪೆ ಹೌದೋ ಅಲ್ವೋ ನೋಡೋಕೆ ಮೊದಲು ತಿರುಗಿಸಿ ತಳ ನೋಡಿ. ಮರದ ಪಾದದ ಅಂಚು ಸವೆದಿರ್ಬೇಕು, ಗೀರುಗಳು ಅಡ್ಡಾದಿಡ್ಡಿ ಇರ್ಬೇಕು, ಎಲ್ಲಾ ಒಂದೇ ದಿಕ್ಕಿಗಿದ್ರೆ ಯಾರೋ ಮರಳುಕಾಗದ ತಿಕ್ಕಿದಾರೆ ಅಂತ ಅನುಮಾನ ಪಡಿ. ಯುವಿ ಟಾರ್ಚ್ ಬಿಟ್ರೆ ಈಗಿನ ಎಪಾಕ್ಸಿ ಅಂಟು ಸಾಮಾನ್ಯವಾಗಿ ಗಾಜಿಗಿಂತ ಬೇರೆ ಥರ ಹೊಳೆದು ಸಿಕ್ಕಿಬೀಳತ್ತೆ. ತೂತು ಕೊರೆದು ಲೋಹದ ಪಿನ್ ಹೊಡೆದು ಚೂರು ಜೋಡಿಸಿದ ರಿಪೇರಿ ಪಿಂಗಾಣಿಯಲ್ಲಿ ಜಾಸ್ತಿ, ಗಾಜಿಗೆ ತೂತು ಕೊರೆಯೋಕೆ ಹೋದ್ರೆ ಬಿರುಕು ಬಿಡೋ ಭಯ.

ಬೆಲೆ? ಮಾಮೂಲಿ ಗ್ಲಾಸಾದ್ರೆ ಮೇಕ್-ಡೂಗೆ ಪೂರ್ತಿ ಇರೋದರ ಒಂದು ಪಾಲು ಅಷ್ಟೆ. ಅಪರೂಪದ ಕೆತ್ತನೆ ಇರೋ ಜಾಕೊಬೈಟ್ ಗ್ಲಾಸಾದ್ರೆ (ಬ್ರಿಟನ್ನಿನ ಪದಚ್ಯುತ ಸ್ಟುವರ್ಟ್ ರಾಜವಂಶದ ಬೆಂಬಲಿಗರದ್ದು) ಪಾದ ಹೋಗಿದ್ರೂ ಕೊಳ್ಳೋರು ಇದಾರೆ, ತೇಪೆಯನ್ನೇ ಹುಡುಕಿ ಕೊಳ್ಳೋರೂ ಬೇರೆ ಇದಾರೆ.

ನನಗೆ ಸಿಟ್ಟು ಬರೋದು ಮೇಕ್-ಡೂ ಮೇಲಲ್ಲ, ಟ್ರಿಮ್ ಮಾಡಿದ ಗ್ಲಾಸಿನ ಮೇಲೆ. ಅಂಚು ಚಿಪ್ ಆಗಿರತ್ತೆ, ಸುತ್ತ ಉಜ್ಜಿ ಮಟ್ಟ ಮಾಡ್ತಾರೆ, ಆಮೇಲೆ 'ಪರ್ಫೆಕ್ಟ್ ಕಂಡಿಷನ್' ಅಂತ ಮಾರ್ತಾರೆ. ಬೆರಳಾಡಿಸಿ, ಬೆಂಕಿಯಲ್ಲಿ ನುಣುಪಾದ ಅಸಲಿ ಅಂಚು ಗುಂಡಗಿರತ್ತೆ, ಉಜ್ಜಿದ್ದು ಚಪ್ಪಟೆ. 18ನೇ ಶತಮಾನದ ಇಂಗ್ಲಿಷ್ ವೈನ್ ಗ್ಲಾಸಿನ ಪಾದ ಸಾಮಾನ್ಯವಾಗಿ ಬೌಲ್‌ಗಿಂತ ಅಗಲ, ಕಿರಿದಾಗಿದ್ರೆ ಅದನ್ನೂ ಉಜ್ಜಿದಾರೆ ಅಂತಲೇ ಅಂದ್ಕೊಂಡು ರೇಟ್ ಮಾತಾಡಿ.