ಲೋವರಿಂಗ್ ಬ್ಲಾಕ್: ಪಟ್ಟಿ ಕಿತ್ತವರೆಲ್ಲ ಹೇಳಿಕೊಳ್ಳುವ ಹೆಸರು

ಚಿಕ್ಕಮಗಳೂರು, ಮೂಡಿಗೆರೆ ಕಡೆ ಹಳೇ ಅಂಬಾಸಿಡರ್ರೋ ಪದ್ಮಿನಿಯೋ ಮಾರಾಟಕ್ಕೆ ಬಂದರೆ 'ಹಿಂದೆ ಬ್ಲಾಕ್ ಹಾಕಿ ಲೋವರಿಂಗ್ ಮಾಡ್ಸಿದೀವಿ ಸಾರ್' ಅನ್ನುವ ಮಾತು ಈಗ ಮಾಮೂಲಿ. ಲೋವರಿಂಗ್ ಅಂದರೆ ಗಾಡಿಯ ಎತ್ತರ ಇಳಿಸುವುದು. ಬಗ್ಗಿ ನೋಡಿದರೆ ಬ್ಲಾಕೂ ಇಲ್ಲ, ಏನೂ ಇಲ್ಲ. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್‌ನಿಂದ ಎರಡು ಪಟ್ಟಿ ಕಿತ್ತು ಮತ್ತೆ ಬಿಗಿದಿರುತ್ತಾರೆ, ಅಷ್ಟೇ.

ಬ್ಲಾಕ್ ಅಂದರೆ ಸ್ಪ್ರಿಂಗ್‌ಗೂ ಹಿಂದಿನ ಆಕ್ಸಲ್‌ಗೂ (ಎರಡು ಚಕ್ರಗಳನ್ನು ಜೋಡಿಸುವ ಅಚ್ಚು) ನಡುವೆ ಕೂರುವ ಕಬ್ಬಿಣದ ಅಥವಾ ಅಲ್ಯೂಮಿನಿಯಂ ತುಂಡು. ಒಂದು ಮುಖದಲ್ಲಿ ಗುಂಡಿ, ಇನ್ನೊಂದರಲ್ಲಿ ಗೂಟ. ಪಟ್ಟಿಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟ್‌ನ ತಲೆ ಗುಂಡಿಯಲ್ಲಿ ಕೂರಬೇಕು, ಗೂಟ ಆಕ್ಸಲ್ ಕಡೆಯ ತೂತಿಗೆ ಹೋಗಬೇಕು, ಆಗಲೇ ಆಕ್ಸಲ್ ಹಿಂದೆ ಮುಂದೆ ಜರುಗಲ್ಲ. ಸ್ಪ್ರಿಂಗ್ ಆಕ್ಸಲ್‌ನ ಕೆಳಗಿದ್ದರೆ ಬ್ಲಾಕ್ ಎಷ್ಟು ಎತ್ತರವೋ ಗಾಡಿ ಅಷ್ಟು ಇಳಿಯುತ್ತೆ, 1 ಇಂಚಿಗೆ 1 ಇಂಚು. ಸ್ಪ್ರಿಂಗ್ ಆಕ್ಸಲ್‌ನ ಮೇಲಿದ್ದರೆ ಅದೇ ತುಂಡು ಗಾಡಿಯನ್ನು ಎತ್ತುತ್ತೆ. ಪಿಕಪ್‌ಗಳಲ್ಲಿ ಹಿಂದೆ ಬ್ಲಾಕ್ ಹಾಕಿ ಎತ್ತರಿಸುವುದು ಹೀಗೇ. ಹಾಗಾಗಿ ತುಂಡು ತರುವ ಮೊದಲು ಗಾಡಿ ಕೆಳಗೆ ತೂರಿ ನೋಡಿ.

ನನಗೆ ತಲೆಕೆಡುವುದು ಇಲ್ಲಿ. ಗಾಡಿಯ ಎತ್ತರ ಬೇರೆ, ಸ್ಪ್ರಿಂಗಿನ ಬಿಗಿ ಬೇರೆ. ಬ್ಲಾಕ್ ಬರೀ ಎತ್ತರ ಇಳಿಸುತ್ತೆ, ಸ್ಪ್ರಿಂಗ್ ಎಷ್ಟು ತೂಕ ಹೊರುತ್ತಿತ್ತೋ ಅಷ್ಟೇ ಹೊರುತ್ತೆ. ಪಟ್ಟಿ ಕಿತ್ತಾಗ ಗಾಡಿ ಇಳಿಯುವುದಲ್ಲ, ಕುಸಿಯುವುದು. ಒಂದೇ ದಪ್ಪದ 5 ಪಟ್ಟಿಗಳಲ್ಲಿ ಒಂದು ತೆಗೆದರೆ ಹೆಚ್ಚುಕಡಿಮೆ ಐದನೇ ಒಂದು ಭಾಗ ಬಿಗಿ ಹೋಯಿತು ಅಂತಲೇ ಲೆಕ್ಕ. ಖಾಲಿ ಗಾಡಿ ಮನೆ ಮುಂದೆ ನಿಂತಾಗ ಚೆಂದ ಕಾಣುತ್ತೆ, ಸರಿ. ಹಿಂದಿನ ಸೀಟಿಗೆ ಮೂರು ಜನ, ಡಿಕ್ಕಿಗೆ 50 ಕೆಜಿಯ ಒಂದು ಕಾಫಿ ಮೂಟೆ ಹಾಕಿಕೊಂಡು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯಿರಿ, ಪ್ರತಿ ಗುಂಡಿಗೂ ಆಕ್ಸಲ್ ಹೋಗಿ ಅದನ್ನು ತಡೆಯಲು ಇಟ್ಟ ರಬ್ಬರ್ ತುಂಡು, ಬಂಪ್ ಸ್ಟಾಪ್‌ಗೆ ದಡ್ ಅಂತ ಬಡಿಯುತ್ತೆ, ತಿರುವಿನಲ್ಲಿ ಹಿಂಭಾಗ ಒಂದು ಕಡೆ ವಾಲುತ್ತೆ. ಆಗ ಬೈಸಿಕೊಳ್ಳುವುದು ಶಾಕ್ ಅಬ್ಸಾರ್ಬರ್!

ಇನ್ನೂ ತಮಾಷೆ ಅಂದರೆ ಸುರುಳಿಯಾಗಿರುವ ಕಾಯಿಲ್ ಸ್ಪ್ರಿಂಗ್ ಕತ್ತರಿಸುವುದಕ್ಕೂ ಇವರು ಅದೇ ಹೆಸರು ಹೇಳುತ್ತಾರೆ. ಅಲ್ಲಿ ಆಗುವುದು ಪೂರ್ತಿ ಉಲ್ಟಾ. ಕೆಲಸ ಮಾಡುವ 8 ಸುತ್ತಿನಲ್ಲಿ ಒಂದು ಕತ್ತರಿಸಿದರೆ ಸ್ಪ್ರಿಂಗ್ ಸುಮಾರು 14 ಪರ್ಸೆಂಟ್ ಜಾಸ್ತಿ ಗಟ್ಟಿಯಾಗುತ್ತೆ. ಒಂದು ಕೆಲಸ ಗಾಡಿಯನ್ನು ಮೆತ್ತಗೆ ಮಾಡುತ್ತೆ, ಇನ್ನೊಂದು ಬಿರುಸು ಮಾಡುತ್ತೆ, ಬ್ಲಾಕ್ ಎರಡನ್ನೂ ಮಾಡಲ್ಲ. ಮೂರಕ್ಕೂ ಒಂದೇ ಹೆಸರು ಯಾಕೆ? ಕಾಂಟೆಸಾ ಕಾರು ಇಟ್ಟುಕೊಂಡವರು ಬ್ಲಾಕ್ ಹಾಕಿಸಿದ್ದೀನಿ ಅಂದರಂತೂ ನಗು ಬರುತ್ತೆ. ಅದರ ಹಿಂದೆ ಇರುವುದೇ ಕಾಯಿಲ್, ಅಲ್ವಾ?

ಕಡಿಮೆ ಖರ್ಚಲ್ಲಿ ಆಗಬೇಕು ಅಂದರೆ ಬ್ಲಾಕೇ ಸರಿ. ಲೇತ್‌ನಲ್ಲಿ ಮಾಡಿಸಬಹುದು. ಆದರೆ ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್‌ನಲ್ಲಿ ಉಳಿತಾಯ ಬೇಡ. ಹಳೆಯದು ಉದ್ದ ಸಾಲಲ್ಲ, ಸಾಕಾಯಿತು ಅಂದರೂ ಒಮ್ಮೆ ಎಳೆದುಕೊಂಡದ್ದು, ಹೊಸದೇ ಹಾಕಿ, ಒಂದಷ್ಟು ದೂರ ಓಡಿಸಿ ಮತ್ತೆ ಟೈಟ್ ಮಾಡಿ. ಎರಡು ಬ್ಲಾಕ್ ಒಂದರ ಮೇಲೊಂದು ಪೇರಿಸಬೇಡಿ, ಮರದ ತುಂಡಂತೂ ಬೇಡವೇ ಬೇಡ. 2 ಇಂಚು ಇಳಿಸಿದರೆ ಆಕ್ಸಲ್ ಮೇಲೇಳುವ ಜಾಗವೂ ಅಷ್ಟೇ ಕಮ್ಮಿಯಾಗುತ್ತೆ, ಹಾಗಾಗಿ ಶಾಕ್ ಅಬ್ಸಾರ್ಬರ್ ಪೂರ್ತಿ ಒತ್ತಿಕೊಳ್ಳುತ್ತಾ, ಸೈಲೆನ್ಸರ್ ಪೈಪ್ ಆಕ್ಸಲ್‌ಗೆ ತಾಗುತ್ತಾ ಅಂತ ನೋಡಿಕೊಳ್ಳಬೇಕು. ಬ್ಲಾಕ್ ಎತ್ತರ ಆದಷ್ಟೂ ಜೋರಾಗಿ ಎಳೆಯುವಾಗ ಆಕ್ಸಲ್ ಸ್ಪ್ರಿಂಗನ್ನು ತಿರುಚುವುದೂ ಜಾಸ್ತಿ. ಎಸ್ಟೇಟ್ ರಸ್ತೆಯ ಏರು ಹತ್ತಿಸುವವರು ಆಸೆ ಸ್ವಲ್ಪ ಕಮ್ಮಿ ಇಟ್ಟುಕೊಳ್ಳಿ.

ಕೊಳ್ಳುವವರು ಮಾರುವವರ ಮಾತು ಕೇಳಿಕೊಂಡು ಕೂರಬೇಡಿ. ಹಿಂದಿನ ಚಕ್ರದ ಪಕ್ಕ ಕೂತು ಟಾರ್ಚ್ ಬಿಡಿ. ಆಕ್ಸಲ್‌ಗೂ ಪಟ್ಟಿಗೂ ನಡುವೆ ತುಂಡು ಕಂಡರೆ ಬ್ಲಾಕ್. ಪಟ್ಟಿಗಳು ಎರಡೂ ಕಡೆ ಒಂದೇ ಸಮ ಇವೆಯಾ ಅಂತಲೂ ಎಣಿಸಿ. ಒಂದು ಕಡೆ 5, ಇನ್ನೊಂದು ಕಡೆ 4 ಇಟ್ಟವರೂ ಇದ್ದಾರೆ.