ಓಡುವಾಗ ಬೀಳುವ ಮಕ್ಕಳು ಮತ್ತು ಹೃದಯದ ತೂಬು

ಕೊಡಗಿನ ನಾಪೋಕ್ಲು ಕಡೆಯ 13 ವರ್ಷದ ಹುಡುಗ. ಹಾಕಿ ಆಡುತ್ತಾ ಓಡುವಾಗ ಮೂರು ಸಲ ಪ್ರಜ್ಞೆ ತಪ್ಪಿ ಬಿದ್ದಿದ್ದ. ಬೇರೆ ಕಡೆ ಮೂರ್ಛೆರೋಗವೆಂದು ವರ್ಷಗಟ್ಟಲೆ ಮಾತ್ರೆ ಕೊಟ್ಟಿದ್ದರು. ಮಲಗಿಸಿ ತೆಗೆದ ಇಸಿಜಿ ಸರಿಯಿತ್ತು, ಎಕೋ ಕೂಡ. ಟ್ರೆಡ್‌ಮಿಲ್ ಹತ್ತಿಸಿದೆವು. ವೇಗ ಏರಿದಂತೆ ಪರದೆಯಲ್ಲಿ ಒಂದು ಬಡಿತ ಮೇಲ್ಮುಖ, ಮರುಬಡಿತ ಕೆಳಮುಖ. ತಕ್ಷಣ ನಿಲ್ಲಿಸಿದೆವು. ಇದು ಸಿಪಿವಿಟಿ: ಓಡಿದಾಗ, ಬೆಚ್ಚಿದಾಗ ಹೃದಯದ ಬಡಿತ ಲಯ ತಪ್ಪುವ, ವಂಶವಾಹಿಯ ದೋಷದಿಂದ ಬರುವ ಕಾಯಿಲೆ.

ಹೃದಯದ ಪ್ರತಿ ಜೀವಕೋಶದೊಳಗೂ ಕ್ಯಾಲ್ಸಿಯಂನ ಒಂದು ಕೆರೆಯಿದೆ. ಅದರ ತೂಬೇ ರಯನೊಡಿನ್ ರಿಸೆಪ್ಟರ್ ಎಂಬ ಪ್ರೋಟೀನು. ತೂಬು ತೆರೆದರೆ ಸ್ನಾಯು ಕುಗ್ಗುತ್ತದೆ, ಮುಚ್ಚಿದರೆ ಸಡಿಲಾಗುತ್ತದೆ. ನಾಲ್ಕು ಒಂದೇ ತೆರನ ತುಂಡುಗಳು ಸೇರಿದ ತೂಬಿದು. ಒಂದೊಂದರಲ್ಲೂ ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳು ಸುಮಾರು 5,000. ಇಂಥ ದೈತ್ಯನನ್ನು ಹಿಡಿದಿಡುವುದರಲ್ಲಿ ಬರೀ 148 ಅಮೈನೋ ಆಮ್ಲಗಳ ಕ್ಯಾಲ್ಮೊಡ್ಯುಲಿನ್ ಎಂಬ ಪ್ರೋಟೀನಿಗೆ ದೊಡ್ಡ ಪಾಲಿದೆ ಎಂಬುದು ನನಗೆ ಇಂದಿಗೂ ಬೆರಗು. ಅದು ಹೊರಗಿನಿಂದ ಅಂಟಿಕೊಂಡು, ತೂಬು ಹೊತ್ತಲ್ಲದ ಹೊತ್ತಿನಲ್ಲಿ ತೆರೆಯದಂತೆ ತಡೆಯುತ್ತದೆ. ಕೆರೆಯೊಳಗೆ ಕ್ಯಾಲ್ಸಿಕ್ವೆಸ್ಟ್ರಿನ್ ಎಂಬ ಪ್ರೋಟೀನು ಕ್ಯಾಲ್ಸಿಯಂ ಹಿಡಿದಿಟ್ಟು, ನೀರೆಷ್ಟಿದೆಯೆಂಬ ಸುದ್ದಿಯನ್ನೂ ಮುಟ್ಟಿಸುತ್ತದೆ. ಎಫ್‌ಕೆಬಿಪಿ 12.6 ಎಂಬ ಇನ್ನೊಂದೂ ಅಂಟಿಕೊಂಡಿರುತ್ತದೆ. ಅದರ ಕೆಲಸದ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ.

ಓಡಿದಾಗ ಅಡ್ರಿನಲಿನ್ ಏರುತ್ತದೆ, ಕೆರೆ ತುಂಬುತ್ತದೆ, ತೂಬೂ ಚುರುಕಾಗುತ್ತದೆ. ಹುಟ್ಟಿನಿಂದಲೇ ತೂಬಿನಲ್ಲೋ ಅದನ್ನು ಕಾಯುವ ಪ್ರೋಟೀನುಗಳಲ್ಲೋ ದೋಷವಿದ್ದರೆ ಎರಡು ಬಡಿತಗಳ ನಡುವೆಯೇ ಕ್ಯಾಲ್ಸಿಯಂ ಸೋರುತ್ತದೆ. ಸೋರಿದ್ದನ್ನು ಹೊರಹಾಕಲು ಜೀವಕೋಶ ಒಂದು ಕ್ಯಾಲ್ಸಿಯಂಗೆ ಪ್ರತಿಯಾಗಿ ಮೂರು ಸೋಡಿಯಂ ಒಳಬಿಟ್ಟುಕೊಳ್ಳುತ್ತದೆ. ಹಾಗೆ ಒಳಬಂದ ಹೆಚ್ಚುವರಿ ವಿದ್ಯುತ್ತೇ ಅಕಾಲದ ಬಡಿತವನ್ನು ಹೊತ್ತಿಸುತ್ತದೆ. ಮಲಗಿದ್ದಾಗ ಇದ್ಯಾವುದೂ ಕಾಣುವುದಿಲ್ಲ.

"ಕಾಫಿ ಬಿಡಿಸಬೇಕಾ ಡಾಕ್ಟ್ರೇ?" ಅಂದರು ತಂದೆ, ತೋಟದವರು. ಕೆಫೀನ್ ಈ ತೂಬನ್ನೇ ತೆರೆಸುತ್ತದೆ ನಿಜ, ಆದರೆ ಪ್ರಯೋಗಾಲಯದಲ್ಲಿ ಅದಕ್ಕೆ ಬಳಸುವ ಪ್ರಮಾಣ ಒಂದು ಲೋಟ ಕಾಫಿಯಿಂದ ರಕ್ತಕ್ಕೆ ಸೇರುವುದಕ್ಕಿಂತ ನೂರಾರು ಪಟ್ಟು ಹೆಚ್ಚು. ಆದರೂ ಅಡ್ರಿನಲಿನ್ ಏರಿಸುವುದ್ಯಾವುದೂ ಇವನಿಗೆ ಬೇಡವೆಂದೆ. ಅದಕ್ಕಿಂತ ಮುಖ್ಯ ಮಾತು: ಅಡ್ರಿನಲಿನ್ನಿನ ಪ್ರಭಾವ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಸಾಲದಿದ್ದರೆ ಬಡಿತದ ಲಯ ಕಾಯುವ ಫ್ಲೆಕೈನೈಡ್ ಎಂಬ ಔಷಧ ಸೇರಿಸುತ್ತೇವೆ. ಸದ್ಯಕ್ಕೆ ಸ್ಟಿಕ್ ಗೋಡೆಗೊರಗಿರಲಿ ಎಂದಾಗ ಹುಡುಗ ತಲೆ ತಗ್ಗಿಸಿದ, ನನಗೂ ಸಂಕಟವಾಯಿತು.

ಓಡುವಾಗ, ಈಜುವಾಗ, ಬೆಚ್ಚಿಬಿದ್ದಾಗ ಪ್ರಜ್ಞೆ ತಪ್ಪುವ ಮಗುವನ್ನು "ಬಿಸಿಲಿಗೆ ಸುಸ್ತು" ಎಂದು ಮನೆಗೆ ಕಳುಹಿಸಬೇಡಿ, ಓಡಿಸಿ ಪರೀಕ್ಷಿಸುವ ಹೃದ್ರೋಗ ತಜ್ಞರಿಗೆ ತೋರಿಸಿ. ಒಡಹುಟ್ಟಿದವರನ್ನೂ ಕರೆತನ್ನಿ. ಈ ಹುಡುಗನ ತಂಗಿಗೆ ಮುಂದಿನ ವಾರ ಟ್ರೆಡ್‌ಮಿಲ್ ಇದೆ.